ಹೊಳೆ ಬಂದ ಅಧಿಕ ಮಾಸ

ಆ ಕಾಗದವನ್ನು ಎರಡು ಸಲ ಕರಡು ಮಾಡಿ, ಮೂರನೆಯ ಸಲ ಶಾಯಿಯ ಪೆನ್ನಿನಿಂದ ಬರೆದೆ. ಹುಡುಗಿಯ ಹೆಸರು, ತಂದೆಯ ಹೆಸರು, ಯಾದಗಿರಿ ಕಡೆಯ ಊರು, ಹೈದರಾಬಾದಿನ ಸನತ್‌ನಗರದಲ್ಲಿ ಅವರು ಈಗಿರುವ ತಗಡಿನ ಶೆಡ್ಡಿನ ಗುರುತು, ಕೊನೆಯಲ್ಲಿ ವಯಸ್ಸು: ಹದಿನಾಲ್ಕು ತುಂಬಿದೆ. ಅದರ ಕೆಳಗೆ ನನ್ನ ಸಹಿ. ಬರೆದು ಮುಗಿಸಿದಾಗ ನನಗೆ ಹೆಮ್ಮೆಯಾಗಿತ್ತು. ನಾನು ಮೊದಲು ಒಪ್ಪಿಕೊಳ್ಳಬೇಕಾದದ್ದು ಆ ಹೆಮ್ಮೆಯನ್ನೇ. ತಪ್ಪಿನ ಮಾತು ಆಮೇಲೆ ಬರುತ್ತದೆ.

ನಾನು ಆ ಮೇಜಿನ ಮುಂದೆ ಕುಳಿತದ್ದು ಸೇವಾಭಾವದಿಂದ ಎಂದು ಹೇಳಲಾರೆ. ನಮ್ಮ ಕಾಲೋನಿಯ ಹತ್ತಿರದ ಸರ್ಕಾರಿ ಶಾಲೆಯ ಟೀಚರಮ್ಮ ಒಬ್ಬರು, ನನ್ನ ಮಗಳ ವಯಸ್ಸಿನವರು, ಭಾನುವಾರ ಬೆಳಿಗ್ಗೆ ಮುಚ್ಚಿಹೋದ ಕಿರಾಣಿ ಅಂಗಡಿಯೊಂದರ ಷಟರ್ ತೆಗೆಸಿ, ಹೊರಗಿನಿಂದ ದುಡಿಯಲು ಬಂದವರಿಗೆ ಕಾಗದಪತ್ರ ಮಾಡಿಕೊಡುತ್ತಿದ್ದರು. ಒಡಿಶಾದವರು, ಬಿಹಾರದವರು ಬಂದರೆ ಹಿಂದಿಯಲ್ಲಿ ಕೆಲಸ ಸಾಗುತ್ತಿತ್ತು. ಆ ಬೇಸಿಗೆಯಲ್ಲಿ ಯಾದಗಿರಿ, ರಾಯಚೂರು ಕಡೆಯ ಹತ್ತಾರು ಕುಟುಂಬಗಳು ಕಾಂಕ್ರೀಟ್ ಕೆಲಸಕ್ಕೆಂದು ಬಂದು ರೈಲು ಹಳಿಯ ಆಚೆ ಇಳಿದವು. ಗಂಡಸರಿಗೆ ಅಷ್ಟಿಷ್ಟು ತೆಲುಗು ಬರುತ್ತಿತ್ತು. ಹೆಂಗಸರಿಗೆ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಟೀಚರಮ್ಮ ನಮ್ಮ ಮನೆಗೆ ಬಂದು, ತಾತಗಾರೂ, ನಿಮ್ಮ ಭಾಷೆಯ ಜನ, ನೀವು ಬಂದು ಕೂತರೆ ಸಾಕು ಎಂದು ತೆಲುಗಿನಲ್ಲಿ ಕೇಳಿಕೊಂಡರು. ಯೋಚಿಸಿ ಹೇಳುತ್ತೇನೆ ಎಂದೆ. ನನ್ನ ಹೆಂಡತಿ ಒಳಗಿನಿಂದಲೇ, “ಹೋಗ್ರಿ, ವಾರದಾಗ ಒಂದು ದಿನಾನರ ನನ್ನ ಕೂಡ ವಾದ ಮಾಡೋದು ತಪ್ಪತೈತಿ,” ಎಂದಳು.

ನಿಮ್ಮ ಭಾಷೆಯ ಜನ ಎಂಬ ಮಾತು ನನಗೆ ಚುಚ್ಚಿತ್ತು. ನಲವತ್ತು ವರ್ಷ ಈ ಸನತ್‌ನಗರದ ಗಲ್ಲಿಗಳಲ್ಲಿ ಸೈಕಲ್ ತುಳಿದವನು ನಾನು. ಕಟ್ಟುತ್ತಿರುವ ಗೋಡೆಗಳ ಮೇಲಿನಿಂದ ಕನ್ನಡ ಎಷ್ಟು ಸಲ ಕಿವಿಗೆ ಬಿದ್ದಿಲ್ಲ? ಒಂದು ದಿನವೂ ಸೈಕಲ್ ನಿಲ್ಲಿಸಿ, ಯಾವೂರು ತಂಗೀ ಎಂದು ಕೇಳಲಿಲ್ಲ. ಅಜ್ಜ ನೌಕರಿಯ ಮೇಲೆ ಹೈದರಾಬಾದಿಗೆ ಬಂದವರು, ನಾವು ಬೇರೆ, ಹೊಟ್ಟೆಪಾಡಿಗೆ ಬಂದವರು ಬೇರೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಪ್ರತಿಯೊಂದನ್ನೂ ಪ್ರಶ್ನಿಸುವ ನಾನು ಆ ಒಂದು ಮಾತನ್ನು ಮಾತ್ರ ಪ್ರಶ್ನಿಸಿರಲಿಲ್ಲ. ಅದು ನನಗೆ ಅನುಕೂಲವಾಗಿತ್ತು.

ಪ್ರಶ್ನಿಸುವ ಚಟ ನನಗೆ ಹೇಗೆ ಹತ್ತಿತೆಂದು ಹೇಳಬೇಕು, ಇಲ್ಲವಾದರೆ ನಾನು ಮಾಡಿದ್ದು ಅರ್ಥವಾಗದು. ಏಳನೆಯ ತರಗತಿಗೆ ಶಾಲೆ ಬಿಟ್ಟು ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆದೆ. ಓದಿದ್ದೆಲ್ಲ ಸುಲ್ತಾನ್ ಬಜಾರಿನ ಆಸುಪಾಸಿನ ಹಳೆಯ ಪುಸ್ತಕದ ರಾಶಿಗಳಿಂದ. ಗುರುಗಳಿಲ್ಲದೆ ಓದುವವನಿಗೆ ಪುಸ್ತಕವೊಂದು ಇನ್ನೊಂದನ್ನು ಅಲ್ಲಗಳೆಯುವುದು ಬೇಗ ಕಾಣುತ್ತದೆ. ಜೊತೆಗೆ ನನ್ನ ಹುಟ್ಟಿದ ದಿನವೇ ಸುಳ್ಳು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳಿದರು, ಮುಟ್ಟಿತು, ಜೂನ್ ತಿಂಗಳ ಮೊದಲ ತಾರೀಖನ್ನು ಬರೆದುಕೊಂಡರು. ಆ ಶಾಲೆಯ ಅರ್ಧ ಮಕ್ಕಳು ಅದೇ ತಾರೀಖಿಗೆ ಹುಟ್ಟಿದವರು. ಆ ತಾರೀಖಿನ ಮೇಲೆ ಕಾರ್ಖಾನೆ ನನ್ನನ್ನು ಒಂದು ವರ್ಷ ಮೊದಲೇ ಮನೆಗೆ ಕಳಿಸಿತು. ಹಳೆಯ ಪಂಚಾಂಗಗಳನ್ನು ಕಲೆಹಾಕಿ, ಅವ್ವ ಹೇಳುತ್ತಿದ್ದ ತಿಥಿ, ಗ್ರಹಣ, ಸುಗ್ಗಿಯ ಗುರುತುಗಳನ್ನು ಜೋಡಿಸಿ ನನ್ನ ನಿಜವಾದ ಹುಟ್ಟಿದ ದಿನವನ್ನು ಕಂಡುಹಿಡಿದೆ. ಕಾರ್ಖಾನೆಯ ಕಚೇರಿಯವರು ಅದನ್ನು ನೋಡಿ ನಕ್ಕರು. ಆ ನಗೆ ನನ್ನಲ್ಲಿ ಉಳಿದಿತ್ತು.

ಹೀಗೆ ಮೇಜಿನ ಮುಂದೆ ಕುಳಿತ ಮೊದಲ ಭಾನುವಾರವೇ ನಾನು ಟೀಚರಮ್ಮನೊಂದಿಗೆ ತಕರಾರು ತೆಗೆದೆ. ಜನನ ಪ್ರಮಾಣಪತ್ರವಿಲ್ಲದ ಮಕ್ಕಳಿಗೆ ತಾಯಿ ಹೇಳಿದ ವಯಸ್ಸನ್ನೇ ಬರೆಯುವುದು ಅವರ ಪದ್ಧತಿ. ಜನ ತಮಗೆ ಬೇಕಾದದ್ದನ್ನು ಹೇಳುತ್ತಾರೆ, ಅದನ್ನು ತಾಳೆ ನೋಡದೆ ಬರೆದರೆ ನಮ್ಮ ಸಹಿಗೆ ಬೆಲೆಯೇನು ಎಂದೆ. ಸಮಯವಿದ್ದರೆ ನೋಡಿ ಎಂದರು ಅವರು. ನನ್ನಲ್ಲಿ ಸಮಯಕ್ಕೇನೂ ಬರವಿರಲಿಲ್ಲ. ಮುಂದಿನ ವಾರದಿಂದ ಪಂಚಾಂಗಗಳ ಕಟ್ಟು, ನಾನು ದಶಕಗಳಿಂದ ಪತ್ರಿಕೆಗಳ ತುಣುಕು ಅಂಟಿಸಿಟ್ಟ ಎರಡು ದಪ್ಪ ಪುಸ್ತಕ ಚೀಲದಲ್ಲಿ ಬಂದವು. ಮಗು ಹುಟ್ಟಿದಾಗ ಯಾವ ಹಬ್ಬ ಹತ್ತಿರವಿತ್ತು, ಬರವೋ ಮಳೆಯೋ, ಊರಲ್ಲಿ ಏನಾಗಿತ್ತು ಎಂದು ಕೇಳಿ, ಹೊಂದಿಸಿ, ವಯಸ್ಸು ಬರೆಯುತ್ತಿದ್ದೆ. ತಾಯಂದಿರು ಬೆರಗಿನಿಂದ ನೋಡುತ್ತಿದ್ದರು. ಅದು ಬೆರಗೆಂದು ಅಂದುಕೊಂಡವನು ನಾನೇ. ಹೆದರಿಕೆಯೂ ಹಾಗೆಯೇ ಕಾಣುತ್ತದೆಂದು ಆಗ ಹೊಳೆಯಲಿಲ್ಲ.

ಶಾಲೆಗಳು ತೆರೆಯುವ ವಾರದಲ್ಲಿ ಆ ಹೆಂಗಸು ಬಂದಳು. ಗಂಡ ಹೆಂಡತಿ ಇಬ್ಬರೂ ಬೇಗಂಪೇಟೆ ಕಡೆಯ ಕಟ್ಟಡಕ್ಕೆ ಬೆಳಗಾಗುವುದರೊಳಗೆ ಹೋಗುತ್ತಿದ್ದರು. ಮಗಳು ಒಬ್ಬಳೇ ಶೆಡ್ಡಿನಲ್ಲಿ ಉಳಿಯುತ್ತಿದ್ದಳು. ಅಕ್ಕಪಕ್ಕ ಎಲ್ಲಾ ಗೊತ್ತಿಲ್ಲದ ಗಂಡಸರು. ಊರಿನಲ್ಲಿ ಐದನೆಯ ತರಗತಿ ಮುಗಿಸಿದ ಹುಡುಗಿ. ಹಾಸ್ಟೆಲ್ ಇರುವ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆರನೆಯ ತರಗತಿಗೆ ಒಂದು ಜಾಗ ಇದೆಯೆಂದು ಟೀಚರಮ್ಮ ವಿಚಾರಿಸಿಟ್ಟಿದ್ದರು. ಬೇಕಾದದ್ದು ವಯಸ್ಸಿನ ಒಂದು ಕಾಗದ ಮಾತ್ರ. ಎಷ್ಟು ಎಂದು ಕೇಳಿದೆ. ಹನ್ನೆರಡು ಎಂದಳು. ಹುಡುಗಿಯನ್ನು ನೋಡಿದೆ; ಎತ್ತರದ ಮೈಕಟ್ಟು, ತಾಯಿಯ ಭುಜ ದಾಟಿದ್ದಳು. ಹಾಸ್ಟೆಲಿಗಾಗಿ ಎರಡು ವರ್ಷ ಇಳಿಸುತ್ತಿದ್ದಾಳೆ ಎಂದು ನನ್ನೊಳಗೆ ತೀರ್ಮಾನ ಆಗಿಹೋಯಿತು. ಆಮೇಲೆ ಕೇಳಿದ್ದೆಲ್ಲ ಆ ತೀರ್ಮಾನಕ್ಕೆ ಸಾಕ್ಷಿ ಹುಡುಕಲು.

ಹುಟ್ಟಿದ್ದು ಯಾವಾಗ ಎಂದೆ.

“ಅಧಿಕ ಮಾಸದಾಗ್ರಿ ಅಜ್ಜಾರ. ಚೊಚ್ಚಲ ಬಾಣಂತನಕ್ಕ ತವರಮನ್ಯಾಗಿದ್ದೆ. ಅಳಿಯಾಗ ಊಟಕ್ಕ ಹೇಳಿ ಕಳಿಸಿ ನಮ್ಮವ್ವ ಹೋಳಿಗಿಗೆ ಕಣಕ ನಾದಿ ಇಟ್ಟಿದ್ಳು. ಹೊಳಿ ಬಂತ್ರಿ, ಓಣ್ಯಾಗ ಮೊಳಕಾಲಮಟ ನೀರು. ಅವ್ರು ಆಚಿ ದಂಡಿಮ್ಯಾಲ ನಿಂತ್ರು, ನಾ ಈಚಿ ಕಡೆ ಹಡದೆ.”

ಗಂಡ ಹೊಳೆಯ ಆಚೆ, ಮಗಳು ಈಚೆ. ಯಾರಾದರೂ ಒಂದು ಕ್ಷಣ ಸುಮ್ಮನೆ ಕೂರುವಂಥ ಮಾತು. ನಾನು ತುಣುಕುಗಳ ಪುಸ್ತಕ ತೆರೆದೆ. ಅಧಿಕ ಮಾಸ ಸುಮಾರು ಮೂರು ವರ್ಷಕ್ಕೊಮ್ಮೆ ಬರುವ ತಿಂಗಳು. ಆ ತಿಂಗಳಲ್ಲೇ ಹೊಳೆಯೂ ಬಂದ ವರ್ಷ ಸಿಕ್ಕರೆ ಉತ್ತರ ಸಿಕ್ಕಂತೆ. ಸಿಕ್ಕಿತು. ಭೀಮಾ ತೀರದ ಮಹಾಪೂರದ ಸುದ್ದಿ, ಕೊಚ್ಚಿಹೋದ ಸೇತುವೆಯ ಚಿತ್ರ, ಪಕ್ಕದಲ್ಲಿ ಅಧಿಕ ಮಾಸದ ಪೂಜೆಗೆ ಬಂದವರು ದೇವಸ್ಥಾನದಲ್ಲಿ ಸಿಕ್ಕಿಬಿದ್ದ ವರದಿ. ಬೆರಳು ಮಡಿಚಿ ಎಣಿಸಿದೆ. ಹದಿನಾಲ್ಕು ತುಂಬಿ ಒಂಬತ್ತು ತಿಂಗಳು. ಪುಸ್ತಕವನ್ನು ಅವಳ ಕಡೆಗೆ ತಿರುಗಿಸಿ ಚಿತ್ರ ತೋರಿಸಿದೆ, ಓದಲು ಬಾರದವಳಿಗೆ.

“ನೋಡವಾ, ಇಲ್ಲಿ ಐತಿ. ಹದಿನಾಲ್ಕು ಆಗೇತಿ ಆಕಿಗೆ.”

ಅವಳು ಚಿತ್ರವನ್ನು ತುಂಬ ಹೊತ್ತು ನೋಡಿದಳು. “ಇಷ್ಟು ನೀರು ಬಂದಿದ್ದಿಲ್ರಿ ನಮ್ಮೂರಾಗ,” ಎಂದಳು. ನಿನಗೆ ನೆನಪಿರಲಿಕ್ಕಿಲ್ಲ, ಬಾಣಂತಿ ಇದ್ದೆ ಎಂದೆ. ಬರೆದಿಟ್ಟ ಕಾಗದದ ಮುಂದೆ ಬಾಯಿಮಾತು ನಿಲ್ಲುವುದಿಲ್ಲ ಎಂದು ನನ್ನ ಕಚೇರಿಯವರು ನನಗೆ ಕಲಿಸಿದ್ದನ್ನು ನಾನು ಅವಳಿಗೆ ಕಲಿಸುತ್ತಿದ್ದೆ.

ಟೀಚರಮ್ಮ ಕಾಗದ ಓದಿ ನನ್ನ ಮುಖ ನೋಡಿದರು. ಹದಿನಾಲ್ಕು ತುಂಬಿದವರನ್ನು ಆ ಶಾಲೆ ಆರನೆಯ ತರಗತಿಗೆ ತೆಗೆದುಕೊಳ್ಳುವುದಿಲ್ಲ ಎಂದು ಮೆಲ್ಲಗೆ ಹೇಳಿದರು. ಸತ್ಯ ಯಾರ ಅನುಕೂಲಕ್ಕೂ ಬದಲಾಗುವುದಿಲ್ಲ ಎಂದು ನಾನು ಉತ್ತರಿಸಿದೆ. ಹಿರಿಯರೆಂದು ಅವರು ಎದುರಾಡಲಿಲ್ಲ. ಶಾಲೆಯವರು ಸಹಜವಾಗಿ ಇಲ್ಲ ಎಂದರು. ಜಾಗ ಬೇರೊಬ್ಬ ಹುಡುಗಿಗೆ ಹೋಯಿತು. ಕಾಗದ ತಾಯಿಯ ಕೈಯಲ್ಲೇ ಉಳಿಯಿತು. ಆ ಕುಟುಂಬ ಮತ್ತೆ ಭಾನುವಾರದ ಅಂಗಡಿಗೆ ಬರಲಿಲ್ಲ. ನಾನು ಅದನ್ನು ಗಮನಿಸಿದೆ. ಸುಳ್ಳು ಸಿಕ್ಕಿಬಿದ್ದವರು ಬರುವುದಿಲ್ಲ ಎಂದು ಅರ್ಥಮಾಡಿಕೊಂಡೆ.

ಶ್ರಾವಣದಲ್ಲಿ ಒಂದು ದಿನ ಮನೆಯ ಮಿಕ್ಸರಿನ ಮುಚ್ಚಳ ಒಡೆಯಿತು. ಅಂಥದ್ದೊಂದನ್ನು ಹುಡುಕುತ್ತಾ ಕೈಗಾರಿಕಾ ಪ್ರದೇಶದ ಹಿಂದಿನ ಗಲ್ಲಿಗೆ ಹೋದೆ. ಪ್ಲಾಸ್ಟಿಕ್ ಡಬ್ಬಿ, ಚಮಚಗಳನ್ನು ಚೀಲಕ್ಕೆ ತುಂಬಿ ಬಾಯಿ ಅಂಟಿಸುವ ಶೆಡ್ಡೊಂದರ ಬಾಗಿಲು ತೆರೆದಿತ್ತು. ಕಾದ ಪಟ್ಟಿಯ ಕೆಳಗೆ ಚೀಲದ ಅಂಚು ಇಟ್ಟು ಕಾಲಿನಿಂದ ಪೆಡಲ್ ಒತ್ತುವ ಕೆಲಸ. ಸಾಲಿನ ಕೊನೆಯಲ್ಲಿ ಆ ಹುಡುಗಿ ನಿಂತಿದ್ದಳು. ನನ್ನನ್ನು ಕಂಡು ಗುರುತು ಹಿಡಿದಳು, ತಲೆ ತಗ್ಗಿಸಿದಳು, ಕೆಲಸ ನಿಲ್ಲಿಸಲಿಲ್ಲ.

ಮೇಲ್ವಿಚಾರಕನ ಬಳಿ ಹೋಗಿ, ಶಾಲೆಗೆ ಹೋಗುವ ಮಗುವನ್ನು ಹೇಗೆ ಇಟ್ಟುಕೊಂಡಿರಿ ಎಂದು ಗದರಿಸಿದೆ. ಅವನು ಸಿಟ್ಟಾಗಲಿಲ್ಲ. ಹದಿನಾಲ್ಕು ಆಗದವರನ್ನು ತಾನು ಇಟ್ಟುಕೊಳ್ಳುವುದೇ ಇಲ್ಲ, ತಪಾಸಣೆಯವರು ಬಂದರೆ ಯಾರಿಗೆ ಬೇಕು ಆ ತೊಂದರೆ ಎಂದು ಹೇಳುತ್ತಾ ಡ್ರಾಯರಿನಿಂದ ಒಂದು ಹಾಳೆ ತೆಗೆದ. ಲ್ಯಾಮಿನೇಟ್ ಮಾಡಿಸಿದ ಹಾಳೆ. ನನ್ನ ದುಂಡಕ್ಷರ, ನನ್ನ ಸಹಿ. ನನಗರಿವಿಲ್ಲದೆ ಬೆರಳು ಆ ಸಹಿಯ ಮೇಲೆ ಹೋದದ್ದನ್ನು ಅವನು ಕಂಡ.

“ಆಪಿಚ್ ಲಿಖೇ ನಾ, ಚಾಚಾ?”

ನೀವೇ ಬರೆದದ್ದಲ್ಲವೇ ಎಂದು ಅವನು ಕೇಳಿದ್ದರಲ್ಲಿ ಕೊಂಕಿರಲಿಲ್ಲ. ಇಷ್ಟು ಅಚ್ಚುಕಟ್ಟಾದ ಕಾಗದ ಉಳಿದ ಯಾವ ಹುಡುಗಿಯೂ ತಂದಿರಲಿಲ್ಲವೆಂದು ಹೊಗಳಿದ. ಶಾಲೆಯ ಬಾಗಿಲು ಮುಚ್ಚಿದ ಕಾಗದವೇ ಈ ಬಾಗಿಲನ್ನು ತೆರೆದಿತ್ತು. ಹುಡುಗಿಯ ಕಡೆ ತಿರುಗಿದೆ. ಅವಳ ಬಲಗೈಯ ಎರಡು ಬೆರಳ ತುದಿ ಸುಟ್ಟು, ಬಿಳಿಯಾಗಿ, ಸಿಪ್ಪೆ ಏಳುತ್ತಿತ್ತು. ಮುಚ್ಚಳ ಕೊಳ್ಳದೆ ಮನೆಗೆ ಬಂದೆ.

ಹೆಂಡತಿಗೆ ಎಲ್ಲವನ್ನೂ ಹೇಳಿದೆ. ನನ್ನ ಲೆಕ್ಕ ಸರಿಯಿತ್ತು, ಆದರೂ ಹೀಗಾಯಿತು ಎಂಬ ಧಾಟಿಯಲ್ಲಿ. ಅವಳು ಕಾಯಿಪಲ್ಯೆ ಹೆಚ್ಚುತ್ತಿದ್ದಳು. ಕೈ ನಿಲ್ಲಿಸಿ ಕೇಳಿದಳು:

“ಹಡದಾಕಿಗಿಂತ ನಿಮ್ಮ ಪಂಚಾಂಗಕ್ಕ ಹೆಚ್ಚು ಗೊತ್ತೇನ್ರಿ?”

ಪಂಚಾಂಗ ಮಾತ್ರವಲ್ಲ, ಪತ್ರಿಕೆಯೂ ಇದೆ ಎಂದೆ. “ಪೇಪರಿನ್ಯಾಗ ಬಂದಿದ್ದೆಲ್ಲಾ ಸುಳ್ಳು ಅಂತ ದಿನಾ ಮುಂಜಾನೆ ಚಾ ಕುಡಕೋತ ಬಡಕೊಳ್ಳಾವ್ರು ಯಾರು ಮತ್ತ?” ಎಂದು ಮತ್ತೆ ಹೆಚ್ಚತೊಡಗಿದಳು.

ಮರುದಿನ ಬೆಳಗಿನ ಜಾವಕ್ಕೆ, ಅವರು ಕೆಲಸಕ್ಕೆ ಹೊರಡುವ ಮೊದಲು, ಹಳಿ ದಾಟಿ ಶೆಡ್ಡಿಗೆ ಹೋದೆ. ಚೀಲ ಒಯ್ದಿರಲಿಲ್ಲ. ತಾಯಿ ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಇನ್ನೊಂದು ತಪ್ಪು ಹಿಡಿಯಲು ಬಂದಿದ್ದೇನೆ ಎಂದುಕೊಂಡಿರಬೇಕು. ಗಂಡ ಒಂದು ಬಕೆಟ್ಟನ್ನು ಬೋರಲು ಹಾಕಿ ಕೂರಿಸಿದ. ಆ ಹೊಳೆಯ ಸಂಗತಿಯನ್ನು ಪೂರ್ತಿ ಹೇಳು, ನಾನು ನಡುವೆ ಮಾತಾಡುವುದಿಲ್ಲ ಎಂದೆ. ಅವಳು ಗಂಡನ ಮುಖ ನೋಡಿದಳು. ಹೇಳು ಎಂಬಂತೆ ಅವನು ತಲೆಯಾಡಿಸಿದ.

“ಮಳಿನ ಇದ್ದಿಲ್ರಿ ಆಗ. ಬಿಸಲು ಹೊಡಿಯಾಕತ್ತಿತ್ತು. ಮ್ಯಾಲ ಎಲ್ಲೋ ಮಳಿ ಆಗೇತಂತ ಬ್ಯಾರೇಜಿನ ಗೇಟ್ ತಗದಬಿಟ್ರು. ನಮ್ಮ ಓಣಿ ಒಂದಕ್ಕ ನೀರು ಹೊಕ್ಕಿತು, ಮರುದಿನ ಇಳೀತು. ಯಾರೂ ಬರಲಿಲ್ರಿ ನೋಡಾಕ. ನೀವು ತೋರಿಸಿದ್ದು ದೊಡ್ಡ ಹೊಳಿ. ಆಗ ನಂದು ಮದಿವಿನ ಆಗಿದ್ದಿಲ್ಲ.”

ಮದುವೆಯೇ ಆಗಿರಲಿಲ್ಲ. ಅದನ್ನು ಆ ದಿನವೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಹೇಳಿದ್ದಳು. ಇಷ್ಟು ನೀರು ಬಂದಿರಲಿಲ್ಲ ಎಂದಿದ್ದಳು. ನಾನು ಬಾಣಂತಿಯ ಮರೆವಿನ ಕಥೆ ಕಟ್ಟಿ ಬಾಯಿ ಮುಚ್ಚಿಸಿದ್ದೆ.

ಮನೆಗೆ ಬಂದು ಪಂಚಾಂಗ ತೆರೆದೆ. ಮಹಾಪೂರದ ನಂತರದ ಅಧಿಕ ಮಾಸ ಮಳೆಗಾಲದ ಬಾಯಲ್ಲೇ ಬಿದ್ದಿತ್ತು. ಅದರಿಂದ ಎಣಿಸಿದರೆ ಶಾಲೆ ತೆರೆಯುವ ವಾರಕ್ಕೆ ಹುಡುಗಿಗೆ ಹನ್ನೆರಡು ತುಂಬಲು ಕೆಲವೇ ದಿನ ಉಳಿದಿತ್ತು. ತುಣುಕುಗಳ ಪುಸ್ತಕದಲ್ಲಿ ಆ ತಿಂಗಳ ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಒಂದು ಓಣಿಗೆ ನೀರು ಹೊಕ್ಕ ಸುದ್ದಿ ಎಲ್ಲಿಯೂ ಇರಲಿಲ್ಲ. ಎಲ್ಲಿಂದ ಇರಬೇಕು? ಬಡವರ ಕೇರಿಯಲ್ಲಿ ನಡೆದದ್ದು ಅಚ್ಚಿಗೆ ಬರುವುದಿಲ್ಲ ಎಂದು ಎದುರಿಗೆ ಸಿಕ್ಕವರಿಗೆಲ್ಲ ಉಪದೇಶ ಮಾಡುತ್ತ ಬಂದವನು ನಾನು. ಅಚ್ಚಾದ ಹೊಳೆಯೊಂದೇ ಹೊಳೆ ಎಂದು ನಂಬಿದವನೂ ನಾನೇ. ಕೈಯನ್ನು ಕಿವಿಗೆ ಮುಟ್ಟಿಸಿ ನನ್ನ ವಯಸ್ಸು ಬರೆದ ಆ ಹೆಡ್‌ಮಾಸ್ತರರನ್ನು ಜೀವಮಾನವಿಡೀ ಶಪಿಸಿದ್ದೇನೆ. ಅವರ ಬರವಣಿಗೆಯಿಂದ ಒಬ್ಬ ಫಿಟ್ಟರನ ಒಂದು ವರ್ಷ ಹೋಯಿತು. ನನ್ನ ಬರವಣಿಗೆ ಒಂದು ಮಗುವನ್ನು ಕಾದ ಪಟ್ಟಿಯ ಮುಂದೆ ನಿಲ್ಲಿಸಿತ್ತು.

ಭಾನುವಾರ ಟೀಚರಮ್ಮನ ಮುಂದೆ ನಿಂತು ತಪ್ಪು ಬರೆದೆ ಎಂದು ಹೇಳಿದೆ. ಆ ಎರಡು ಶಬ್ದಗಳನ್ನು ಇಷ್ಟು ಸರಳವಾಗಿ ನಾನು ಹಿಂದೆ ಯಾರಿಗೂ ಹೇಳಿದ ನೆನಪಿಲ್ಲ. ಅವರು ಬೈಯಲಿಲ್ಲ. ಒಂದೇ ಪ್ರಶ್ನೆ ಕೇಳಿದರು: ನೀವು ಲೆಕ್ಕ ಹಾಕಿ ಬರೆದ ಉಳಿದ ಮಕ್ಕಳದ್ದು? ಬೈಗುಳವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಉಳಿದ ಕಾಗದಗಳಿಗೆ ಹಾಸ್ಟೆಲಿನ ಜಾಗದಂಥ ತುರ್ತು ಇರಲಿಲ್ಲ, ಆದರೆ ಅವೂ ಎಲ್ಲೆಲ್ಲೋ ಡ್ರಾಯರುಗಳಲ್ಲಿ ಕುಳಿತಿದ್ದವು. ಆ ತಾಯಂದಿರನ್ನು ಹುಡುಕಿಕೊಂಡು ಇಂದಿಗೂ ಹೋಗುತ್ತಿದ್ದೇನೆ. ಕೆಲವರು ಸಿಕ್ಕಿದ್ದಾರೆ. ಮೂರು ಕುಟುಂಬಗಳು ಕೆಲಸ ಮುಗಿದು ಬೇರೆ ಊರಿಗೆ ಹೋಗಿವೆ; ಎಲ್ಲಿಗೆಂದು ಹೇಳುವವರಿಲ್ಲ.

ಹುಡುಗಿಗಾಗಿ ಹೊಸ ಕಾಗದ ಸಿದ್ಧವಾಯಿತು. ಹಿಂದಿನ ಕಾಗದ ನನ್ನ ತಪ್ಪು ಗ್ರಹಿಕೆಯಿಂದ ಆದದ್ದು, ತಾಯಿಯ ಮಾತು ಮೊದಲಿನಿಂದ ಸರಿಯಿತ್ತು ಎಂದು ಅದರಲ್ಲೇ ಬರೆದೆ. ಅದರ ಪ್ರತಿಯೊಂದನ್ನು ಹಿಡಿದು ಪ್ಯಾಕಿಂಗ್ ಶೆಡ್ಡಿಗೂ ಹೋದೆ. ಮೇಲ್ವಿಚಾರಕ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಕೈ ಎರಡು ವಯಸ್ಸು ಬರೆದರೆ ತಾನು ಯಾವುದನ್ನು ನಂಬಬೇಕು ಎಂದು ಕೇಳಿದ. ನ್ಯಾಯವಾದ ಪ್ರಶ್ನೆ. ಕೊನೆಗೆ ತಪಾಸಣೆಯ ಭಯ ನನ್ನ ಮಾತಿಗಿಂತ ಹೆಚ್ಚು ಕೆಲಸ ಮಾಡಿತು; ಅಂದೇ ಹುಡುಗಿಯನ್ನು ಕಳಿಸಿಕೊಟ್ಟ.

ಶಾಲೆಯಲ್ಲಿ ಮಾತ್ರ ಜಾಗ ತುಂಬಿತ್ತು. ಎರಡು ತಿಂಗಳು ಹುಡುಗಿ ಹಗಲೆಲ್ಲ ನಮ್ಮ ಮನೆಯಲ್ಲಿ ಇದ್ದಳು. ಹೆಂಡತಿಯ ಜೊತೆ ಮಾತಾಡುತ್ತಿದ್ದಳು, ನಗುತ್ತಿದ್ದಳು. ನಾನು ಕೋಣೆಗೆ ಬಂದರೆ ಸುಮ್ಮನಾಗುತ್ತಿದ್ದಳು. ತೆಲುಗು ಅಕ್ಷರ ಕಲಿಸಲು ಕೂತರೆ ನಾನು ಬರೆದದ್ದನ್ನು ತಿದ್ದಿ ತಿದ್ದಿ ಬರೆಯುತ್ತಿದ್ದಳು, ಒಂದು ಪ್ರಶ್ನೆಯನ್ನೂ ಕೇಳದೆ. ಆ ವಿಧೇಯತೆ ನನ್ನನ್ನು ಕುಗ್ಗಿಸಿತು. ನಾನು ಅವಳ ವಯಸ್ಸಿನಲ್ಲಿ ಮಾಸ್ತರರನ್ನು ಪ್ರಶ್ನೆ ಕೇಳಿ ಪೆಟ್ಟು ತಿಂದವನು.

ದಸರೆ ರಜೆ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಿಟ್ಟು ಹೋದಳೆಂದು ಶಾಲೆಯಿಂದ ಟೀಚರಮ್ಮನಿಗೆ ಸುದ್ದಿ ಬಂತು. ತಾಯಿ ಒಂದು ದಿನದ ಕೆಲಸ ಬಿಟ್ಟು ಬಂದಳು. ತಾಯಿ, ಮಗಳು, ಟೀಚರಮ್ಮ, ನಾನು ನಾಲ್ವರೂ ಆಟೋದಲ್ಲಿ ಹೋದೆವು. ಟೀಚರಮ್ಮ ನಮ್ಮನ್ನು ಹೆಡ್‌ಮೇಡಂ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂರಿಸಿ, ಒಳಗೆ ಮಗುವನ್ನೇ ಕೆಲವು ಪ್ರಶ್ನೆ ಕೇಳುತ್ತಾರೆ ಎಂದರು. ಆಗ ಹುಡುಗಿ ಮೊದಲ ಬಾರಿ ತಾನಾಗಿಯೇ ನನ್ನ ಕಡೆ ತಿರುಗಿದಳು. ತುಂಬ ಗಂಭೀರವಾಗಿ, ಪಾಠ ಒಪ್ಪಿಸುವ ಮುನ್ನ ಕೇಳುವವಳಂತೆ ಕೇಳಿದಳು.

“ಅಜ್ಜಾರ, ಒಳಗ ಎಷ್ಟು ಅಂತ ಹೇಳ್ಬೇಕ್ರಿ?”

ಶೆಡ್ಡಿನಲ್ಲಿ ಯಾರು ಕೇಳಿದರೂ ಹದಿನಾಲ್ಕು ಎನ್ನಬೇಕೆಂದು ಅವಳಿಗೆ ಹೇಳಿಕೊಟ್ಟಿದ್ದರು. ಮನೆಯಲ್ಲಿ ಹನ್ನೆರಡು. ವಯಸ್ಸೆಂಬುದು ಹಿರಿಯರು ಆಯಾ ಬಾಗಿಲಿಗೆ ತಕ್ಕಂತೆ ಕೊಡುವ ಸಂಖ್ಯೆ ಎಂದು ಅವಳು ತಿಳಿದಿದ್ದಳು. ಹಾಗೆ ತಿಳಿಸಿಕೊಟ್ಟವನು ನಾನು. ಉತ್ತರ ನನಗೆ ಗೊತ್ತಿತ್ತು, ತಿಂಗಳು ದಿನಗಳ ಸಮೇತ.

“ನನ್ನ ಕೇಳಬ್ಯಾಡವಾ,” ಎಂದೆ. “ನಿಮ್ಮವ್ವನ್ನ ಕೇಳು.”

ಅವಳು ತಾಯಿಯ ಕಡೆ ನೋಡಿದಳು. ತಾಯಿ ಮೊದಲು ನನ್ನ ಮುಖ ನೋಡಿದಳು, ನಾನು ಒಪ್ಪುತ್ತೇನೋ ಇಲ್ಲವೋ ಎಂದು. ಆ ನೋಟವನ್ನು ಎದುರಿಸಲಾಗದೆ ನಾನು ಎದ್ದು ವರಾಂಡದ ಆ ತುದಿಗೆ ಹೋಗಿ ನಿಂತೆ. ಬೆನ್ನ ಹಿಂದೆ ತಾಯಿ ಮಗಳಿಗೆ ಏನೋ ಹೇಳಿದ್ದು ಕೇಳಿಸಿತು, ಮಾತು ತಿಳಿಯಲಿಲ್ಲ. ಬಾಗಿಲು ತೆರೆಯಿತು, ಅವರಿಬ್ಬರೂ ಒಳಗೆ ಹೋದರು.